ಕೆಲಸವೂ ಗುಳೆ ಹೋಗುತ್ತದೆ, ಜನರೂ ಗುಳೆ ಹೋಗುತ್ತಾರೆ

ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರಿಗೆ ‘ಗುಳೆ’ ಎಂಬ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ, ವಯಸ್ಸಾದವರನ್ನು ಊರಲ್ಲೇ ಬಿಟ್ಟು, ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಪುಣೆಗೋ ಗೋವಾಕ್ಕೋ ಬಸ್ಸು ಹತ್ತುವುದು. ಊರಲ್ಲಿ ಕೆಲಸವೇ ಇಲ್ಲ ಅಂತ ಎಲ್ಲರೂ ಹೋಗುವುದಿಲ್ಲ. ಊರಲ್ಲೂ ಅಷ್ಟಿಷ್ಟು ಕೂಲಿ ಇರುತ್ತದೆ. ಇಲ್ಲಿ ಸಿಗುವ ಕೂಲಿಗೂ ಅಲ್ಲಿ ಸಿಗುವ ಕೂಲಿಗೂ ಇರುವ ಅಂತರ ನೋಡಿ ಹೊರಡುತ್ತಾರೆ.

ಜನ ಗುಳೆ ಹೋಗುವುದು ನಮ್ಮ ಕಣ್ಣಿಗೆ ಕಾಣುತ್ತದೆ. ಕೆಲಸವೂ ಗುಳೆ ಹೋಗುತ್ತದೆ, ಅದು ಅಷ್ಟಾಗಿ ಕಾಣುವುದಿಲ್ಲ. ಜನ ಕೂಲಿ ಹೆಚ್ಚಿರುವ ಕಡೆಗೆ ಹೋಗುತ್ತಾರೆ, ಕೆಲಸ ಕೂಲಿ ಕಡಿಮೆ ಇರುವ ಕಡೆಗೆ ಹೋಗುತ್ತದೆ. ದೇಶ ದೇಶಗಳ ನಡುವೆ ಕೆಲಸ ಹೀಗೆ ಹೋಗುವುದಕ್ಕೆ ಔಟ್‌ಸೋರ್ಸಿಂಗ್ ಎನ್ನುತ್ತಾರೆ. ಕನ್ನಡದಲ್ಲಿ ಹೊರಗುತ್ತಿಗೆ ಎಂದರೆ ನಮಗೆ ತಾಲೂಕು ಆಸ್ಪತ್ರೆಯ, ಪಂಚಾಯಿತಿಯ ಗುತ್ತಿಗೆ ನೌಕರರು ನೆನಪಾಗುತ್ತಾರೆ. ನಾವಿಲ್ಲಿ ಹೇಳುತ್ತಿರುವುದು ಅದಲ್ಲ. ಒಂದು ದೇಶದ ಕಂಪನಿ ತನ್ನ ಕೆಲಸವನ್ನು ಇನ್ನೊಂದು ದೇಶದಲ್ಲಿ ಮಾಡಿಸುವ ಮಾತು.

2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದಿಂದ ಎರಡು ಸುದ್ದಿ ಬಂದವು. ಮೊದಲನೆಯದು ನಿಮ್ಮ ಫೋನಿಗೂ ಬಂದಿರುತ್ತದೆ. ಹೊಸ ಎಚ್‌-1ಬಿ ವೀಸಾ ಅರ್ಜಿಗೆ ಕಂಪನಿಗಳು ಒಂದು ಲಕ್ಷ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 88 ಲಕ್ಷ ರೂಪಾಯಿ ಕಟ್ಟಬೇಕು ಎಂದು ಅಧ್ಯಕ್ಷ ಟ್ರಂಪ್ ಆದೇಶ ಹೊರಡಿಸಿದರು. ಎರಡನೆಯದು ಅಷ್ಟು ಸದ್ದು ಮಾಡಲಿಲ್ಲ. ಹೊರದೇಶದಲ್ಲಿ ಕೆಲಸ ಮಾಡಿಸಿ ಹಣ ಕೊಡುವ ಅಮೆರಿಕದ ಕಂಪನಿಗಳಿಗೆ ಶೇ 25ರಷ್ಟು ತೆರಿಗೆ ಹಾಕಬೇಕೆಂದು ಒಹಾಯೊ ರಾಜ್ಯದ ಸೆನೆಟರ್ ಬರ್ನಿ ಮೊರೆನೊ ಒಂದು ಮಸೂದೆ ತಂದರು. ಒಂದು, ಜನ ಒಳಗೆ ಬರುವುದನ್ನು ತಡೆಯಲು. ಇನ್ನೊಂದು, ಕೆಲಸ ಹೊರಗೆ ಹೋಗುವುದನ್ನು ತಡೆಯಲು.

ಒಂದೇ ತಿಂಗಳಲ್ಲಿ ಇವೆರಡೂ ಬಂದದ್ದು ಆಕಸ್ಮಿಕವೇನಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದರ ಮೇಲೆ ಒತ್ತಡ ಬೀಳುತ್ತದೆ ಎಂಬುದು ಅಲ್ಲಿನವರಿಗೂ ಗೊತ್ತು. ಆದರೆ ಬಾಗಿಲು ಮುಚ್ಚುವುದರಿಂದಾಗಲಿ ತೆರೆಯುವುದರಿಂದಾಗಲಿ ಈ ಕಥೆ ಮುಗಿಯುವುದಿಲ್ಲ ಎಂಬುದು ನಮ್ಮ ಅಭಿಪ್ರಾಯ. ಒಂದು ಊರಿಗೆ ಕೆಲಸ ಬಂತೋ ಇಲ್ಲವೋ ಎನ್ನುವುದಕ್ಕಿಂತ, ಬಂದ ಕೆಲಸ ಎಷ್ಟು ಕೂಲಿ ತಂದಿತು ಎನ್ನುವುದೇ ಜನ ಊರಲ್ಲಿ ಉಳಿಯುತ್ತಾರೋ ಹೊರಡುತ್ತಾರೋ ಎಂಬುದನ್ನು ತೀರ್ಮಾನಿಸುತ್ತದೆ. ಇದನ್ನು ಮೊದಲು ಮೆಕ್ಸಿಕೊ ದೇಶದ ಉದಾಹರಣೆಯಿಂದ, ಆಮೇಲೆ ನಮ್ಮದೇ ಉದಾಹರಣೆಯಿಂದ ಹೇಳುತ್ತೇವೆ.

ಅಂತರದ ಲೆಕ್ಕ

ಅಮೆರಿಕದ ಕೇಂದ್ರ ಸರ್ಕಾರ ಗೊತ್ತು ಮಾಡಿದ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. 2009ರಿಂದ ಅದು ಏರಿಲ್ಲ. ಅಲ್ಲಿನ ಅನೇಕ ರಾಜ್ಯಗಳಲ್ಲಿ ಇದಕ್ಕಿಂತ ಹೆಚ್ಚಿದೆ. ಆದರೂ ಈ ಕಡಿಮೆ ದರವನ್ನೇ ಹಿಡಿಯೋಣ. ದಿನಕ್ಕೆ ಎಂಟು ತಾಸು ಎಂದರೆ 58 ಡಾಲರ್, ನಮ್ಮ ದುಡ್ಡಿನಲ್ಲಿ ಐದು ಸಾವಿರ ರೂಪಾಯಿ ದಾಟುತ್ತದೆ. ನಮ್ಮ ರಾಜ್ಯದಲ್ಲಿ 2025-26ಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ.

ಅಲ್ಲಿ ಖರ್ಚೂ ಹೆಚ್ಚು, ಮನೆ ಬಾಡಿಗೆಯೇ ಅರ್ಧ ನುಂಗುತ್ತದೆ, ಆಸ್ಪತ್ರೆಗೆ ಹೋದರೆ ಮುಗಿಯಿತು ಎಂದು ನೀವು ಹೇಳಬಹುದು. ನಿಜ. ಆದರೆ ಗುಳೆ ಹೋಗುವವರು ಲೆಕ್ಕ ಹಾಕುವುದು ಬರುವ ಕೂಲಿಯನ್ನಲ್ಲ, ಉಳಿಸಿ ಮನೆಗೆ ಕಳಿಸುವ ದುಡ್ಡನ್ನು. ಬೆಂಗಳೂರಲ್ಲಿ ತಗಡಿನ ಶೆಡ್ಡಿನಲ್ಲಿ ಮಲಗಿ ಯಾದಗಿರಿಗೆ ಹಣ ಕಳಿಸುವವರೂ, ಕ್ಯಾಲಿಫೋರ್ನಿಯಾದಲ್ಲಿ ಒಂದೇ ಕೋಣೆಯಲ್ಲಿ ಆರು ಜನ ಮಲಗಿ ಮೆಕ್ಸಿಕೊಗೆ ಹಣ ಕಳಿಸುವವರೂ ಒಂದೇ ಲೆಕ್ಕ ಬಲ್ಲವರು.

ಇನ್ನೊಂದು ಮಾತು. ತೀರಾ ಬಡವರು ದೂರ ಹೋಗಲಾರರು. ದೂರ ಹೋಗಲು ದಾರಿ ಖರ್ಚು ಬೇಕು, ಏಜೆಂಟರಿಗೆ ಕೊಡಲು ಹಣ ಬೇಕು, ಅಲ್ಲಿ ಮೊದಲೇ ಹೋಗಿ ನೆಲೆಸಿದ ಪರಿಚಯದವರು ಬೇಕು. ಅದಕ್ಕೇ ಒಂದು ಊರಿಗೆ ಸ್ವಲ್ಪ ದುಡ್ಡು ಬಂದ ಕೂಡಲೇ ವಲಸೆ ನಿಲ್ಲುವುದಿಲ್ಲ. ಮೊದಲು ಹೆಚ್ಚುತ್ತದೆ. ಕೈಯಲ್ಲಿ ಬಸ್ ಚಾರ್ಜು ಬಂದ ಮೇಲೆ ತಾನೇ ಹೊರಡುವುದು? ‘ಅವರ ದೇಶಕ್ಕೇ ನಾಲ್ಕು ಕಾರ್ಖಾನೆ ಕಳಿಸಿದರೆ ಅವರು ಬರುವುದಿಲ್ಲ’ ಎಂದು ಶ್ರೀಮಂತ ದೇಶಗಳು ಹಾಕಿದ ಲೆಕ್ಕ ತಪ್ಪಿದ್ದು ಇಲ್ಲೇ.

ಮೆಕ್ಸಿಕೊದಲ್ಲಿ ನಡೆದದ್ದು

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಹೊಲಗಳಲ್ಲಿ ಆಳು ಸಿಗುತ್ತಿರಲಿಲ್ಲ. 1942ರಲ್ಲಿ ಆ ದೇಶ ಮೆಕ್ಸಿಕೊ ಜೊತೆ ಒಪ್ಪಂದ ಮಾಡಿಕೊಂಡು ಅಲ್ಲಿನ ರೈತಾಪಿ ಗಂಡಸರನ್ನು ಹಂಗಾಮಿ ಕೂಲಿಗೆ ಕರೆಸಿಕೊಂಡಿತು. ‘ಬ್ರಸೇರೊ’ ಎಂದು ಅದರ ಹೆಸರು. ತೋಳು ಎಂಬ ಅರ್ಥದ ಮಾತಿನಿಂದ ಬಂದ ಹೆಸರದು. ತೋಳು ಬೇಕಿತ್ತು, ಮನುಷ್ಯ ಬೇಕಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಇಪ್ಪತ್ತೆರಡು ವರ್ಷ ನಡೆದ ಆ ಯೋಜನೆ 1964ರಲ್ಲಿ ನಿಂತಿತು. ಹೋಗಿ ಬಂದು ಮಾಡುತ್ತಿದ್ದ ಲಕ್ಷಾಂತರ ಜನ ಗಡಿಯ ಊರುಗಳಲ್ಲಿ ಕೆಲಸವಿಲ್ಲದೆ ನಿಂತರು.

ಅವರಿಗೆ ಕೆಲಸ ಕೊಡುತ್ತೇವೆಂದು 1965ರಲ್ಲಿ ಮೆಕ್ಸಿಕೊ ಸರ್ಕಾರ ಗಡಿಯುದ್ದಕ್ಕೂ ಕಾರ್ಖಾನೆಗಳಿಗೆ ದಾರಿ ಮಾಡಿಕೊಟ್ಟಿತು. ಅಮೆರಿಕದಿಂದ ಬಿಡಿಭಾಗ ಸುಂಕವಿಲ್ಲದೆ ಬರುವುದು, ಇಲ್ಲಿ ಜೋಡಿಸಿ ವಾಪಸ್ ಕಳಿಸುವುದು. ಇವುಗಳಿಗೆ ಮಕಿಲಾಡೋರಾ ಎನ್ನುತ್ತಾರೆ. ಟಿಹುವಾನಾ, ಸಿಯುದಾದ್ ಹ್ವಾರೆಸ್‌ನಂಥ ಊರುಗಳು ಇವುಗಳಿಂದಲೇ ಬೆಳೆದವು. ಆದರೆ ಹೊಲದಲ್ಲಿ ದುಡಿದು ಬಂದ ಗಂಡಸರಿಗೆ ಅಲ್ಲಿ ಕೆಲಸ ಸಿಕ್ಕಿದ್ದು ಕಡಿಮೆ. ಕಂಪನಿಗಳು ಕಡಿಮೆ ಸಂಬಳಕ್ಕೆ ಬರುವ, ಎದುರು ಮಾತಾಡುವುದಿಲ್ಲ ಎಂದುಕೊಂಡ ಹದಿಹರೆಯದ ಹೆಣ್ಣುಮಕ್ಕಳನ್ನು ತೆಗೆದುಕೊಂಡವು. ಕೆಲಸ ಯಾರಿಗಾಗಿ ಬಂದಿತೋ ಅವರು ಗಡಿ ದಾಟುತ್ತಲೇ ಇದ್ದರು.

1994ರ ಜನವರಿ 1ರಂದು ಅಮೆರಿಕ, ಕೆನಡಾ, ಮೆಕ್ಸಿಕೊ ನಡುವೆ ನಾಫ್ಟಾ ಎಂಬ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂತು. ನಾವು ಜನರನ್ನು ಕಳಿಸುವ ಬದಲು ಸರಕನ್ನು ಕಳಿಸುತ್ತೇವೆ ಎಂಬುದು ಆಗಿನ ಮೆಕ್ಸಿಕೊ ಅಧ್ಯಕ್ಷ ಕಾರ್ಲೋಸ್ ಸಲೀನಾಸ್ ಅವರ ವಾದವಾಗಿತ್ತು. ಅಮೆರಿಕದವರೂ ಅದನ್ನೇ ನಂಬಿದ್ದರು.

ಸರಕು ಹೋಯಿತು. ಮಕಿಲಾಡೋರಾಗಳಲ್ಲಿ 1993ರ ಹೊತ್ತಿಗೆ ಸುಮಾರು ಐದೂವರೆ ಲಕ್ಷ ಇದ್ದ ಕೆಲಸಗಾರರು 2000ದ ಹೊತ್ತಿಗೆ 13 ಲಕ್ಷದ ಹತ್ತಿರ ಬಂದರು. ಆದರೆ ಜನರೂ ಹೋದರು. ಅಮೆರಿಕದಲ್ಲಿದ್ದ ಮೆಕ್ಸಿಕೊ ಮೂಲದವರು 1990ರಲ್ಲಿ ಸುಮಾರು 43 ಲಕ್ಷ, 2000ದಲ್ಲಿ ಸುಮಾರು 92 ಲಕ್ಷ. ಕೆಲಸ ಬಂದ ಹತ್ತು ವರ್ಷದಲ್ಲೇ ಹೋದವರ ಸಂಖ್ಯೆ ಎರಡು ಪಟ್ಟು ಮೀರಿತು.

ಏಕೆ? ನಮ್ಮ ಹಾವೇರಿ, ದಾವಣಗೆರೆ ಕಡೆಯ ರೈತರು ಈ ಭಾಗ ಗಮನ ಕೊಟ್ಟು ಓದಬೇಕು. ಮೆಕ್ಕೆಜೋಳ ಹುಟ್ಟಿದ್ದೇ ಮೆಕ್ಸಿಕೊ ನೆಲದಲ್ಲಿ. ಅಲ್ಲಿನ ಸಣ್ಣ ರೈತರಿಗೆ ಅದೇ ಅನ್ನ, ಅದೇ ಆದಾಯ. ನಾಫ್ಟಾ ಬಂದ ಮೇಲೆ ಅಮೆರಿಕದ ಮೆಕ್ಕೆಜೋಳ ಮೆಕ್ಸಿಕೊಗೆ ಹರಿಯಿತು. ಅಮೆರಿಕದ ರೈತನಿಗೆ ನೂರಾರು ಎಕರೆ ಹೊಲ, ದೊಡ್ಡ ಯಂತ್ರ, ಸರ್ಕಾರದ ಸಬ್ಸಿಡಿ. ಮೆಕ್ಸಿಕೊದ ವಹಾಕಾ, ಚಿಯಾಪಾಸ್‌ನ ಗುಡ್ಡಗಾಡು ರೈತನಿಗೆ ಎರಡು ಮೂರು ಎಕರೆ, ಮಳೆ ನೀರು. ಸುಂಕವನ್ನು ಹದಿನೈದು ವರ್ಷದಲ್ಲಿ ನಿಧಾನವಾಗಿ ಇಳಿಸಬೇಕೆಂದು ಒಪ್ಪಂದದಲ್ಲಿತ್ತು. ಮಿತಿ ಮೀರಿ ಬಂದ ಜೋಳಕ್ಕೂ ಮೆಕ್ಸಿಕೊ ಸರ್ಕಾರವೇ ಪೂರ್ತಿ ಸುಂಕ ಹಾಕಲಿಲ್ಲ. ದರ ಕುಸಿಯಿತು. ಮುಂದಿನ ಹತ್ತು ವರ್ಷದಲ್ಲಿ ಕೃಷಿಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಕೆಲಸ ಕಡಿಮೆಯಾದವು. ಉತ್ತರದ ಗಡಿಗೆ ಕಾರ್ಖಾನೆ ಬಂತು, ದಕ್ಷಿಣದ ಹಳ್ಳಿಯಲ್ಲಿ ಬದುಕು ಹೋಯಿತು.

ಕೂಲಿಯ ಅಂತರ ಹಾಗೇ ಇತ್ತು. 1994ರಲ್ಲಿ ಅಮೆರಿಕದ ಕನಿಷ್ಠ ಕೂಲಿ ಎಂಟು ತಾಸಿಗೆ 34 ಡಾಲರ್. ಮೆಕ್ಸಿಕೊದಲ್ಲಿ ಇಡೀ ದಿನಕ್ಕೆ ಸುಮಾರು 5 ಡಾಲರ್. ಆ ವರ್ಷ ಡಿಸೆಂಬರ್‌ನಲ್ಲಿ ಮೆಕ್ಸಿಕೊದ ಪೆಸೊ ಬೆಲೆ ಕುಸಿದಾಗ ಅದೂ ಅರ್ಧಕ್ಕೆ ಬಂತು. ಎಲ್ಲ ತಪ್ಪನ್ನೂ ನಾಫ್ಟಾದ ತಲೆಗೆ ಕಟ್ಟುವುದು ಸರಿಯಲ್ಲ. ಪೆಸೊ ಕುಸಿತವಿತ್ತು, ಆ ವರ್ಷಗಳಲ್ಲಿ ಅಮೆರಿಕದಲ್ಲಿ ಕಟ್ಟಡ ಕೆಲಸ, ಹೋಟೆಲ್ ಕೆಲಸ ಜೋರಾಗಿತ್ತು, ಹೊಸಬರನ್ನು ಕರೆಸಿಕೊಳ್ಳಲು ಹಳಬರು ಅಲ್ಲಿದ್ದರು. ಆದರೆ ಕೆಲಸ ಕಳಿಸಿದರೆ ಜನ ನಿಲ್ಲುತ್ತಾರೆ ಎಂಬ ಮಾತಂತೂ ಸುಳ್ಳಾಯಿತು. ಬಂದ ಕೆಲಸ ಬಂದದ್ದೇ ಕೂಲಿ ಕಡಿಮೆ ಎಂಬ ಕಾರಣಕ್ಕೆ. ಕೂಲಿ ಏರಿದರೆ ಅದು ಬಂದ ಕಾರಣವೇ ಹೋಗುತ್ತದೆ. ಹಾಗಾಗಿ ಕೂಲಿ ಏರದಂತೆ ಎಲ್ಲರೂ ಸೇರಿ ನೋಡಿಕೊಂಡರು.

ಗಡಿ ಬಿಗಿ ಮಾಡಿದಾಗ ಏನಾಯಿತು

ಅದೇ 1994ರಲ್ಲಿ ಅಮೆರಿಕ ಗಡಿಯನ್ನು ಬಿಗಿ ಮಾಡತೊಡಗಿತು. ಸ್ಯಾನ್ ಡಿಯೇಗೊ ಬಳಿ ಬೇಲಿ, ದೀಪ, ಕಾವಲುಗಾರರು. ಸುಲಭದ ದಾರಿ ಮುಚ್ಚಿದ್ದರಿಂದ ಜನ ಅರಿಜೋನಾದ ಮರುಭೂಮಿಯಲ್ಲಿ ನಡೆದು ದಾಟಲು ಶುರುಮಾಡಿದರು. ಬಿಸಿಲಿಗೆ, ಬಾಯಾರಿಕೆಗೆ ಸತ್ತರು. ದಾಟಿಸುವ ದಲ್ಲಾಳಿಗಳ ದರ ಏರಿತು.

ಆಗ ಯಾರೂ ಎಣಿಸದ ಇನ್ನೊಂದು ಸಂಗತಿ ನಡೆಯಿತು. ಡಗ್ಲಸ್ ಮ್ಯಾಸ್ಸಿ ಎಂಬ ಸಮಾಜಶಾಸ್ತ್ರಜ್ಞರು ಮತ್ತು ಅವರ ಜೊತೆಗಾರರು ಮೆಕ್ಸಿಕೊದ ಹಳ್ಳಿಗಳಲ್ಲಿ ದಶಕಗಳ ಕಾಲ ಕೆಲಸ ಮಾಡಿ ಇದನ್ನು ತೋರಿಸಿದ್ದಾರೆ. ಮೊದಲೆಲ್ಲ ಗಂಡಸರು ಸುಗ್ಗಿಗೆ ಹೋಗಿ, ದುಡಿದು, ಹಬ್ಬಕ್ಕೆ ಊರಿಗೆ ಮರಳುತ್ತಿದ್ದರು. ನಮ್ಮ ಗುಳೆಯಂತೆಯೇ. ಗಡಿ ದಾಟುವುದು ಅಪಾಯವೂ ದುಬಾರಿಯೂ ಆದ ಮೇಲೆ ಒಮ್ಮೆ ದಾಟಿದವರು ಮರಳಲು ಹೆದರಿದರು. ಅಲ್ಲೇ ಉಳಿದರು. ಹೆಂಡತಿ ಮಕ್ಕಳನ್ನೂ ಅಲ್ಲಿಗೇ ಕರೆಸಿಕೊಂಡರು. ಹೋಗಿ ಬರುವ ಗುಳೆಯನ್ನು ಬೇಲಿಯೇ ಕಾಯಂ ವಲಸೆ ಮಾಡಿತು.

ಹಾಗಾದರೆ ಮೆಕ್ಸಿಕೊದಿಂದ ಜನ ಹೋಗುವುದು ಕಡಿಮೆಯಾದದ್ದು ಯಾವಾಗ? 2007ರ ನಂತರ. ಅಮೆರಿಕದಲ್ಲಿ ಮನೆ ಕಟ್ಟುವ ವ್ಯವಹಾರ ಕುಸಿದು ಕೆಲಸ ಕಡಿಮೆಯಾಯಿತು. ಮೆಕ್ಸಿಕೊದಲ್ಲೂ ಬದಲಾವಣೆ ಆಗಿತ್ತು. 1970ರ ಸುಮಾರಿಗೆ ಒಬ್ಬ ತಾಯಿಗೆ ಆರೇಳು ಮಕ್ಕಳಿದ್ದ ದೇಶದಲ್ಲಿ ಎರಡು ಮೂರು ಮಕ್ಕಳಾಗಿದ್ದವು. ಹೊಸದಾಗಿ ಕೆಲಸ ಹುಡುಕುವ ಹುಡುಗರೇ ಕಡಿಮೆಯಾದರು. ಬೇಲಿಯೂ ಒಂದು ಕಾರಣ ಇರಬಹುದು, ಆದರೆ ಅದೊಂದೇ ಅಲ್ಲ.

ಆಮೇಲೆ ಕೂಲಿಯೂ ಏರತೊಡಗಿತು. 2018ರಲ್ಲಿ ಮೆಕ್ಸಿಕೊದ ಕನಿಷ್ಠ ಕೂಲಿ ದಿನಕ್ಕೆ 88.36 ಪೆಸೊ. 2025ರಲ್ಲಿ 278.80 ಪೆಸೊ. ಬೆಲೆ ಏರಿಕೆ ಕಳೆದರೂ ಇದು ದೊಡ್ಡ ಏರಿಕೆಯೇ. 2019ರಲ್ಲಿ ಉತ್ತರದ ಗಡಿ ಭಾಗದಲ್ಲಂತೂ ಒಂದೇ ಏಟಿಗೆ ಎರಡು ಪಟ್ಟು ಮಾಡಿದರು. ಕೂಲಿ ಏರಿಸಿದರೆ ಕಾರ್ಖಾನೆಗಳೆಲ್ಲ ಓಡಿಹೋಗುತ್ತವೆ ಎಂದು ಹೆದರಿಸುವವರು ಅಲ್ಲೂ ಇದ್ದರು. ಓಡಲಿಲ್ಲ. 2023ರಲ್ಲಿ ಅಮೆರಿಕಕ್ಕೆ ಅತಿ ಹೆಚ್ಚು ಸರಕು ಕಳಿಸಿದ ದೇಶ ಚೀನಾ ಅಲ್ಲ, ಮೆಕ್ಸಿಕೊ. ಚೀನಾದ ಸರಕಿಗೆ ಅಮೆರಿಕ ಸುಂಕ ಹಾಕಿದ್ದೂ ಇದಕ್ಕೆ ಒಂದು ಕಾರಣ, ಅದನ್ನು ಮರೆಮಾಚಬಾರದು. ಆದರೆ ಕೂಲಿ ಮೂರು ಪಟ್ಟಾದರೂ ಕೆಲಸ ಹೋಗಲಿಲ್ಲ ಎಂಬುದು ನಿಜ.

2020ರ ಜುಲೈನಲ್ಲಿ ನಾಫ್ಟಾ ಬದಲಿಗೆ ಬಂದ ಹೊಸ ಒಪ್ಪಂದದಲ್ಲಿ ಒಂದು ವಿಶೇಷ ಷರತ್ತಿದೆ. ಕಾರಿನ ಬೆಲೆಯ ಶೇ 40ರಿಂದ 45ರಷ್ಟು ಭಾಗವನ್ನು ತಾಸಿಗೆ ಕನಿಷ್ಠ 16 ಡಾಲರ್ ಸಂಬಳ ಪಡೆಯುವವರು ಮಾಡಿರಬೇಕು, ಇಲ್ಲವಾದರೆ ಸುಂಕದ ರಿಯಾಯಿತಿ ಇಲ್ಲ. ಕಾರ್ಮಿಕರ ಸಂಘಕ್ಕೆ ಅಡ್ಡಿ ಮಾಡಿದರೆ ದೂರು ಕೊಡುವ ದಾರಿಯನ್ನೂ ಅದರಲ್ಲಿ ಇಟ್ಟರು. ಸಿಲಾವೊ ಎಂಬ ಊರಿನ ದೊಡ್ಡ ಕಾರು ಕಾರ್ಖಾನೆಯ ಕೆಲಸಗಾರರು 2021ರಲ್ಲಿ ಹಳೆಯ ಸಂಘದ ಕರಾರನ್ನು ಮತ ಹಾಕಿ ತಿರಸ್ಕರಿಸಿದರು. 2022ರಲ್ಲಿ ತಮ್ಮದೇ ಸಂಘ ಆರಿಸಿ, ಸಂಬಳ ಏರಿಸಿಕೊಂಡರು. ಅಮೆರಿಕದ ಕಾರ್ಮಿಕರಿಗೂ ಇದು ಬೇಕಿತ್ತು. ಅಲ್ಲಿ ಕೂಲಿ ಏರಿದರೆ ಇಲ್ಲಿಂದ ಕೆಲಸ ಹೋಗುವುದು ಕಡಿಮೆಯಾಗುತ್ತದೆ ಎಂಬುದು ಅವರ ಲೆಕ್ಕ. ಎರಡು ದೇಶದ ಕೆಲಸಗಾರರ ಹಿತ ಒಂದೇ ಕಡೆ ಸೇರುವುದು ಇಂಥ ಕಡೆ ಮಾತ್ರ.

ಈಗ ನಮ್ಮ ಮನೆಯ ವಿಷಯ

ಹೊರದೇಶದ ಕೆಲಸ ನಮ್ಮಲ್ಲಿಗೆ ಬಂದದ್ದು ಬೇರೆ ದಾರಿಯಲ್ಲಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಕೆಲಸವನ್ನು ಅಮೆರಿಕಕ್ಕೆ ಕಳಿಸತೊಡಗಿತು. 1990ರ ದಶಕದಲ್ಲಿ ನಮ್ಮ ಸಾಫ್ಟ್‌ವೇರ್ ಕಂಪನಿಗಳು ಎಂಜಿನಿಯರುಗಳನ್ನೇ ಅಲ್ಲಿಗೆ ಕಳಿಸಿ ಕೆಲಸ ಮಾಡಿಸಿದವು. 2000ನೇ ಇಸವಿ ಬಂದಾಗ ಕಂಪ್ಯೂಟರುಗಳು ತಾರೀಖು ತಪ್ಪು ಓದುತ್ತವೆ ಎಂಬ ಭಯವಿತ್ತಲ್ಲ, ಆಗ ಬೇಡಿಕೆ ಜೋರಾಯಿತು. 1990ರ ಕಾನೂನಿನಿಂದ ಬಂದ ಎಚ್‌-1ಬಿ ವೀಸಾಗಳ ಮಿತಿಯನ್ನು ಅಮೆರಿಕ 65 ಸಾವಿರದಿಂದ ಏರಿಸುತ್ತ ಹೋಗಿ 2001ರಿಂದ 2003ರವರೆಗೆ ವರ್ಷಕ್ಕೆ 1,95,000 ಮಾಡಿತ್ತು. 2004ರಲ್ಲಿ ಮತ್ತೆ 65 ಸಾವಿರಕ್ಕೆ ಇಳಿಸಿತು. ಈಗ ಅದಕ್ಕೆ ಅಲ್ಲೇ ಸ್ನಾತಕೋತ್ತರ ಓದಿದವರಿಗೆಂದು 20 ಸಾವಿರ ಸೇರುತ್ತದೆ. ಈಚಿನ ವರ್ಷಗಳಲ್ಲಿ ಒಪ್ಪಿಗೆಯಾಗುವ ಎಚ್‌-1ಬಿಗಳಲ್ಲಿ ಶೇ 70ಕ್ಕೂ ಹೆಚ್ಚು ಭಾರತೀಯರವು.

ಮಿತಿ ಇಳಿಸಿದಾಗ ಆ ಕೆಲಸಗಳೆಲ್ಲ ಅಮೆರಿಕದವರಿಗೆ ಸಿಕ್ಕವೆ? ಬ್ರಿಟ್ಟಾ ಗ್ಲೆನನ್ ಎಂಬ ಸಂಶೋಧಕಿ ಇದನ್ನೇ ಹುಡುಕಿ ನೋಡಿದರು. ವೀಸಾ ಸಿಗದಿದ್ದಾಗ ದೊಡ್ಡ ಕಂಪನಿಗಳು ಆ ಕೆಲಸದ ಒಂದು ಪಾಲನ್ನು ತಮ್ಮ ಹೊರದೇಶದ ಶಾಖೆಗಳಿಗೆ ಕಳಿಸಿದವು, ಮುಖ್ಯವಾಗಿ ಭಾರತ, ಚೀನಾ, ಕೆನಡಾಕ್ಕೆ ಎಂದು ಅವರು ಕಂಡುಕೊಂಡರು. ಜನರಿಗೆ ಬಾಗಿಲು ಮುಚ್ಚಿದಾಗ ಕೆಲಸ ಕಿಟಕಿಯಿಂದ ಹಾರಿತು. ಹೊರದೇಶದ ಕಂಪನಿಗಳು ಇಲ್ಲೇ ತೆರೆದ ಸ್ವಂತ ಕೇಂದ್ರಗಳು 2024ರ ಹೊತ್ತಿಗೆ ದೇಶದಲ್ಲಿ 1,700 ದಾಟಿ, ಸುಮಾರು 19 ಲಕ್ಷ ಜನರಿಗೆ ಕೆಲಸ ಕೊಟ್ಟಿದ್ದವು. ಅತಿ ಹೆಚ್ಚು ಇರುವುದು ಬೆಂಗಳೂರಿನಲ್ಲೇ.

ಅಮೆರಿಕದ ಕೆಲಸಗಾರರ ಸಿಟ್ಟನ್ನು ನಾವು ತಳ್ಳಿಹಾಕುವುದಿಲ್ಲ. 2015ರಲ್ಲಿ ಫ್ಲಾರಿಡಾದ ಡಿಸ್ನಿಯಲ್ಲಿ ಸುಮಾರು 250 ಕಂಪ್ಯೂಟರ್ ನೌಕರರನ್ನು ತೆಗೆದಾಗ, ತಮ್ಮ ಜಾಗಕ್ಕೆ ಬಂದವರಿಗೆ ಅವರೇ ಕೆಲಸ ಕಲಿಸಿಕೊಟ್ಟು ಹೋಗಬೇಕಾಯಿತು. ನಿಮ್ಮನ್ನು ಕೆಲಸದಿಂದ ಬಿಡಿಸುವ ಮುಂಚೆ ಹೊಸಬನಿಗೆ ಎಲ್ಲ ಹೇಳಿಕೊಟ್ಟು ಹೋಗಿ ಎಂದರೆ ನಿಮಗೆ ಹೇಗಾಗುತ್ತದೆ? ಆ ಹೊಸಬ ನಮ್ಮವನೇ ಆದರೂ ಅದು ಅನ್ಯಾಯವೇ. ಇಂಥದ್ದಕ್ಕೆ ದಾರಿ ಮಾಡಿಕೊಟ್ಟದ್ದು ಕಾನೂನಿನ ಒಂದು ತೂತು. ಎಚ್‌-1ಬಿ ನೌಕರರನ್ನೇ ಹೆಚ್ಚಾಗಿ ನಂಬಿದ ಕಂಪನಿಗಳು, ಅಮೆರಿಕದವರ ಕೆಲಸ ಕಿತ್ತುಕೊಳ್ಳುತ್ತಿಲ್ಲ ಎಂದು ಬರೆದುಕೊಡಬೇಕು. ಆದರೆ ವರ್ಷಕ್ಕೆ 60 ಸಾವಿರ ಡಾಲರ್ ಸಂಬಳ ಕೊಟ್ಟರೆ ಅದರಿಂದ ವಿನಾಯಿತಿ. 1998ರಲ್ಲಿ ಗೊತ್ತು ಮಾಡಿದ ಆ ಮೊತ್ತ ಇಂದಿಗೂ ಹಾಗೇ ಇದೆ. ಅಂದು ಅದು ದೊಡ್ಡ ಸಂಬಳ. ಇಂದು ಅಲ್ಲಿನ ಎಂಜಿನಿಯರಿಗೆ ಅದು ಕಡಿಮೆ.

ಜೊತೆಗೆ ಈ ವೀಸಾ ಕಂಪನಿಯ ಹೆಸರಿಗೆ ಕಟ್ಟಿಕೊಂಡಿರುತ್ತದೆ. ಕೆಲಸ ಹೋದರೆ ಅರವತ್ತು ದಿನದೊಳಗೆ ಬೇರೆ ದಾರಿ ಹುಡುಕಬೇಕು. ಕಾಯಂ ವಾಸದ ಗ್ರೀನ್ ಕಾರ್ಡಿಗೆ ಒಂದು ದೇಶದವರಿಗೆ ಶೇ 7ರ ಮಿತಿ ಇರುವುದರಿಂದ ಭಾರತೀಯರ ಸಾಲು ದಶಕಗಳಷ್ಟು ಉದ್ದ. ಮುಂಗಡ ತೆಗೆದುಕೊಂಡು ಮೇಸ್ತ್ರಿಯ ಕೈಗೆ ಸಿಕ್ಕ ಗುಳೆಯವರಿಗೆ ಇದು ಅರ್ಥವಾಗುತ್ತದೆ. ಬಿಟ್ಟು ಹೋಗಲಾರದವರು ಕೂಲಿ ಹೆಚ್ಚು ಕೇಳಲಾರರು. ಅದರಿಂದ ಅವರ ಸಂಬಳವೂ ಏರುವುದಿಲ್ಲ, ಪಕ್ಕದಲ್ಲಿ ಕೂತ ಅಮೆರಿಕದವರ ಸಂಬಳವೂ ಏರುವುದಿಲ್ಲ. 88 ಲಕ್ಷದ ಶುಲ್ಕ ಇದನ್ನು ಸರಿ ಮಾಡುವುದಿಲ್ಲ. ಕಂಪನಿ ಬದಲಿಸುವ ಸ್ವಾತಂತ್ರ್ಯವನ್ನು ಸಲೀಸು ಮಾಡುವುದು, ಅಲ್ಲಿನ ಸಂಬಳವನ್ನೇ ಕೊಡಬೇಕೆಂದು ಕಟ್ಟುನಿಟ್ಟು ಮಾಡುವುದು ಸರಿ ಮಾಡಬಲ್ಲವು.

ಇತ್ತ ನಮ್ಮ ಕಡೆ ನೋಡಿ. ಹೊರದೇಶದ ಕೆಲಸ ಬೆಂಗಳೂರಿಗೆ ಬಂತು, ಆದರೂ ಎಂಜಿನಿಯರುಗಳು ಅಮೆರಿಕಕ್ಕೆ ಹೋಗಲು ಏಕೆ ಹಾತೊರೆಯುತ್ತಾರೆ? ನಮ್ಮ ದೊಡ್ಡ ಸಾಫ್ಟ್‌ವೇರ್ ಕಂಪನಿಗಳಲ್ಲಿ ಹೊಸದಾಗಿ ಸೇರುವವರಿಗೆ ವರ್ಷಕ್ಕೆ ಮೂರು, ಮೂರೂವರೆ ಲಕ್ಷ ಎಂಬುದು ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಅದೇ ಅವಧಿಯಲ್ಲಿ ಬೆಂಗಳೂರಿನ ಪಿಜಿ ಬಾಡಿಗೆ, ಕಾಲೇಜು ಫೀಸು ಎಲ್ಲಿಗೆ ಹೋಯಿತು ಎಂದು ನಿಮಗೇ ಗೊತ್ತು. ಹೊಸ ಕೇಂದ್ರಗಳಲ್ಲಿ ಒಳ್ಳೆಯ ಸಂಬಳ ಸಿಕ್ಕವರು ಇಲ್ಲೇ ನಿಂತಿದ್ದಾರೆ, ಹೋದವರಲ್ಲಿ ಕೆಲವರು ಮರಳಿಯೂ ಬಂದಿದ್ದಾರೆ. ಮೂರೂವರೆ ಲಕ್ಷದವರು ವೀಸಾ ಲಾಟರಿ ನೋಡುತ್ತ ಕೂತಿದ್ದಾರೆ. ಮೆಕ್ಸಿಕೊದ ಪಾಠವೇ ಇಲ್ಲೂ ಇದೆ.

ಕರ್ನಾಟಕದ ಒಳಗೇ ಕೆಲಸ ಗುಳೆ ಹೋಗುವುದನ್ನೂ ನೋಡಬಹುದು. ಹೊರದೇಶದ ಬಟ್ಟೆ ಬ್ರ್ಯಾಂಡುಗಳಿಗೆ ಹೊಲಿದುಕೊಡುವ ಗಾರ್ಮೆಂಟ್ಸ್ ಮೊದಲು ಪೀಣ್ಯ, ಬೊಮ್ಮನಹಳ್ಳಿಯಲ್ಲಿ ಇದ್ದವು. ಆಮೇಲೆ ಮದ್ದೂರು, ಶ್ರೀರಂಗಪಟ್ಟಣ, ಹಾಸನ, ಶಿವಮೊಗ್ಗದ ಕಡೆಗೂ ಹರಡಿದವು. ಬೆಂಗಳೂರಿನಿಂದ ದೂರ ಹೋದಂತೆ ಕನಿಷ್ಠ ವೇತನದ ವಲಯವೂ ಕೆಳಗಿಳಿಯುತ್ತದೆ ಎಂಬುದು ಅದಕ್ಕೆ ಒಂದು ಕಾರಣ. ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆಯಿಂದ ವ್ಯಾನಿನಲ್ಲಿ ಹೋಗಿ ಬರುವ ಕೆಲಸ ಸಿಕ್ಕಿತು. ಅದು ಸಣ್ಣ ಮಾತಲ್ಲ. ಎಷ್ಟೋ ಮನೆಗಳಲ್ಲಿ ಆ ಸಂಬಳದಿಂದಲೇ ಮಕ್ಕಳ ಓದು ನಡೆಯುತ್ತಿದೆ. ಆದರೆ ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ ಈಗ ಒಡಿಶಾ, ಜಾರ್ಖಂಡಿನಿಂದ ಬಂದ ಹುಡುಗಿಯರು ಹಾಸ್ಟೆಲಿನಲ್ಲಿದ್ದು ಹೊಲಿಯುತ್ತಿದ್ದಾರೆ. ಆ ಸಂಬಳದಲ್ಲಿ ಬಾಡಿಗೆ ಕಟ್ಟಿ ನಗರದಲ್ಲಿ ಬದುಕಲು ಇಲ್ಲಿನವರಿಗೆ ಆಗದಿದ್ದಾಗ, ಇನ್ನೂ ಕಡಿಮೆ ಕೂಲಿಯ ಊರಿನವರು ಬರುತ್ತಾರೆ. ಮೆಕ್ಸಿಕೊದ ಕಾರ್ಖಾನೆಗೂ ಪೀಣ್ಯದ ಕಾರ್ಖಾನೆಗೂ ಕಾನೂನು ಬೇರೆ ಇರಬಹುದು, ಲೆಕ್ಕ ಒಂದೇ.

ಎದುರು ವಾದ

‘ಕಡಿಮೆ ಕೂಲಿ ಎಂದೇ ಕೆಲಸ ಬಂದಿದೆ. ಹೆಚ್ಚು ಕೇಳಿದರೆ ಬಾಂಗ್ಲಾದೇಶಕ್ಕೋ ವಿಯೆಟ್ನಾಂಗೋ ಹೋಗುತ್ತದೆ. ಆಗ ಇದ್ದದ್ದೂ ಹೋಯಿತು’ ಎಂದು ಹೇಳುವವರಿದ್ದಾರೆ. ಇದು ಬರೀ ಬೆದರಿಕೆಯಲ್ಲ. 2001ರ ನಂತರ ಮೆಕ್ಸಿಕೊದ ಗಡಿ ಕಾರ್ಖಾನೆಗಳಿಂದ ಲಕ್ಷಾಂತರ ಕೆಲಸ ಹೋದವು, ಒಂದು ಪಾಲು ಚೀನಾಕ್ಕೆ. ಆದರೆ ಗಮನಿಸಿ, ಆಗಲೂ ಮೆಕ್ಸಿಕೊದಲ್ಲಿ ಕೂಲಿ ಅಮೆರಿಕಕ್ಕಿಂತ ಬಹಳ ಕಡಿಮೆಯೇ ಇತ್ತು. ಕೂಲಿ ಕಡಿಮೆ ಇಟ್ಟದ್ದೂ ಕೆಲಸವನ್ನು ಉಳಿಸಲಿಲ್ಲ. ಬರೀ ಅಗ್ಗ ಎಂಬ ಕಾರಣಕ್ಕೆ ಬಂದ ಕೆಲಸ ಇನ್ನೂ ಅಗ್ಗದ ಜಾಗ ಸಿಕ್ಕಿದಾಗ ಹೋಗಿಯೇ ಹೋಗುತ್ತದೆ. ರಸ್ತೆ, ಕರೆಂಟು, ಬಂದರು, ಕೈಕಸುಬು ಕಲಿತ ಜನ, ಇವುಗಳಿಗಾಗಿ ಬಂದ ಕೆಲಸ ಅಷ್ಟು ಬೇಗ ಹೋಗದು.

ನಮ್ಮ ಬೇಡಿಕೆ ಮೂರು.

ಒಂದು, 2024ರಿಂದ 2029ರವರೆಗಿನ ನೀತಿಯಲ್ಲಿ ನಮ್ಮ ರಾಜ್ಯ ಇನ್ನೂ 500 ಇಂಥ ಕೇಂದ್ರಗಳನ್ನು ತರುವ, ಮೂರೂವರೆ ಲಕ್ಷ ಕೆಲಸ ಸೃಷ್ಟಿಸುವ ಗುರಿ ಇಟ್ಟುಕೊಂಡಿದೆ. ಬೆಂಗಳೂರಿನ ಆಚೆಗೂ ಒಯ್ಯುವ ಮಾತಿದೆ. ಒಳ್ಳೆಯದು. ಆದರೆ ಜಮೀನು, ಕರೆಂಟು, ತೆರಿಗೆ ರಿಯಾಯಿತಿ ಕೊಡುವಾಗ ಎಷ್ಟು ಕೆಲಸ ಎಂದು ಮಾತ್ರ ಕೇಳಬೇಡಿ. ಎಷ್ಟು ಸಂಬಳದ ಕೆಲಸ ಎಂದೂ ಕಾಗದದಲ್ಲಿ ಬರೆಸಿಕೊಳ್ಳಿ. ಕಾರಿಗೆ 16 ಡಾಲರಿನ ಷರತ್ತು ಹಾಕಲು ಸಾಧ್ಯವಾದರೆ ಇದೂ ಸಾಧ್ಯ.

ಎರಡು, 2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಕನಿಷ್ಠ ವೇತನ ಏರಿಸುವ ಕರಡು ಹೊರಡಿಸಿದಾಗ ಮಾಲೀಕರ ಸಂಘಗಳು ಜೋರಾಗಿ ವಿರೋಧಿಸಿದವು. ಗುಳೆ ತಪ್ಪಿಸುತ್ತೇವೆ ಎಂದು ಭಾಷಣ ಮಾಡುವ ಶಾಸಕರು ಈ ಪ್ರಶ್ನೆಗೆ ಯಾವ ಕಡೆ ನಿಲ್ಲುತ್ತಾರೆ ಎಂದು ನಿಮ್ಮೂರಿಗೆ ಬಂದಾಗ ಕೇಳಿ.

ಮೂರು, 2025ರಲ್ಲಿ ವ್ಯಾಪಾರ ಮಾತುಕತೆ ನಡೆದಾಗ ನಮ್ಮ ಮೆಕ್ಕೆಜೋಳ ಭಾರತ ಕೊಳ್ಳಬೇಕು ಎಂದು ಅಮೆರಿಕ ಒತ್ತಾಯಿಸಿತು. ವಹಾಕಾದ ಹೊಲಗಳ ಕಥೆ ತಿಳಿದವರು ಇದನ್ನು ಬರೀ ದರದ ವಿಷಯ ಎಂದುಕೊಳ್ಳಬಾರದು. ಸಾಫ್ಟ್‌ವೇರ್ ಕೆಲಸ ಉಳಿಸಿಕೊಳ್ಳಲು ಜೋಳದ ಬಾಗಿಲು ತೆರೆದರೆ ಕೆಲಸ ಬೆಂಗಳೂರಿಗೆ ಬರುತ್ತದೆ, ಗುಳೆ ಹಾವೇರಿಯಿಂದ ಹೊರಡುತ್ತದೆ.

ಕೊನೆಗೆ ತಂದೆತಾಯಂದಿರಿಗೆ ಒಂದು ಮಾತು. ಮಗನನ್ನೋ ಮಗಳನ್ನೋ ಎಂಎಸ್ ಓದಲು ಅಮೆರಿಕಕ್ಕೆ ಕಳಿಸಲು ಹೊಲ ಅಡವಿಡುವ ಮುಂಚೆ ಲೆಕ್ಕ ಹಾಕಿ. ಅಲ್ಲೇ ಓದಿ ಅಲ್ಲಿಂದಲೇ ವೀಸಾ ಬದಲಿಸಿಕೊಳ್ಳುವವರಿಗೆ ಒಂದು ಲಕ್ಷ ಡಾಲರ್ ಶುಲ್ಕವಿಲ್ಲ ಎಂದು 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸ್ಪಷ್ಟಪಡಿಸಿತು. ಆದರೆ ಲಾಟರಿ ಇದ್ದೇ ಇದೆ. ಹೆಚ್ಚು ಸಂಬಳದ ಅರ್ಜಿಗೆ ಹೆಚ್ಚು ಅವಕಾಶ ಕೊಡುವ ಪ್ರಸ್ತಾಪವನ್ನೂ ಅದೇ ಸರ್ಕಾರ ಮುಂದಿಟ್ಟಿತು. ವಿಜ್ಞಾನ, ತಂತ್ರಜ್ಞಾನ ಓದಿದವರಿಗೆ ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವುದು ಹೆಚ್ಚೆಂದರೆ ಮೂರು ವರ್ಷ. ಅಷ್ಟರಲ್ಲಿ ಲಾಟರಿ ಹತ್ತದಿದ್ದರೆ, ಡಾಲರಿನಲ್ಲಿ ಮಾಡಿದ ಸಾಲವನ್ನು ಇಲ್ಲಿನ ಸಂಬಳದಲ್ಲಿ ತೀರಿಸಲು ಆಗುತ್ತದೆಯೇ? ಏಜೆಂಟರು ಈ ಪ್ರಶ್ನೆಯನ್ನು ತಾವಾಗಿ ಎತ್ತುವುದಿಲ್ಲ. ನೀವೇ ಕೇಳಬೇಕು.

ಹೋಗಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹೋಗುವ ಹಕ್ಕು ಎಲ್ಲರಿಗೂ ಇದೆ, ನಮ್ಮ ಬಳಗದಲ್ಲೇ ಊರು ಬಿಟ್ಟು ಬಂದವರಿದ್ದೇವೆ. ಆದರೆ ಬೇಕೆಂದು ಹೋಗುವುದು ಬೇರೆ, ಬೇರೆ ದಾರಿಯಿಲ್ಲದೆ ಹೋಗುವುದು ಬೇರೆ. ಊರಿಗೊಂದು ಕಾರ್ಖಾನೆ ಬರುತ್ತದೆ ಎಂದು ಯಾರಾದರೂ ಮೈಕಿನಲ್ಲಿ ಹೇಳಿದರೆ ಚಪ್ಪಾಳೆ ಹೊಡೆಯುವ ಮುಂಚೆ ಒಂದು ಮಾತು ಕೇಳಿ: ಪಗಾರ ಎಷ್ಟು?